ಬಾವಿಗೆ ಬಿದ್ದ ರಾಣಿ

ತಮ್ಮಾ,

ಎದ್ದ ತಕ್ಷಣ ಊಟದ ಮೇಜಿನ ಮೇಲಿರುವ ನಿನ್ನ ರಾಕ್ಷಸರ ಗುಹೆಯ ನಕ್ಷೆ ಮಡಚಿಡು, ಮಕ್ಕಳು ತಿಂಡಿ ತಿನ್ನಬೇಕು. ಪಾತ್ರೆಯ ಮುಚ್ಚಳ ಗುರಾಣಿಯಲ್ಲ, ಎಲ್ಲಿದ್ದರೂ ಹುಡುಕಿ ತೊಳೆದಿಡು. ಹಾಲು ಕಾಯಿಸಿದ್ದೇನೆ. ದೊಡ್ಡವನಿಗೆ ಶೀತ, ತಣ್ಣೀರು ಕೊಡಬೇಡ.

ದಾಳ ಉರುಳಿಸುತ್ತಾ ಕಥೆ ಕಟ್ಟುವ ಆಟ ಇಷ್ಟು ಸಣ್ಣ ಮಕ್ಕಳಿಗೆ ಯಾಕೆ ಅಂತ ನಿನ್ನ ತಲೆ ತಿಂದಿದ್ದೆ. ಆ ಮಾತು ವಾಪಸ್ ತಗೊಂಡೆ. ಹಾವು-ಏಣಿಯಲ್ಲಿ ಸೋತರೆ ಹಲಗೆಯನ್ನೇ ಎಸೆಯುತ್ತಿದ್ದ ನಮ್ಮ ಚಿನಕುರುಳಿ, ಹೋದ ವಾರ ದಾಳದಲ್ಲಿ ಬರೀ ಒಂದು ಬಿದ್ದು ಅವಳ ರಾಣಿ ಬಾವಿಗೆ ಉರುಳಿದಾಗ ಅಳಲೇ ಇಲ್ಲ. "ಸರಿ ಮಾಮ, ಬಿದ್ದೆ. ಬಾವಿ ಒಳಗೆ ಏನಿದೆ?" ಅಂದಳು.

ಅವತ್ತು ರಾತ್ರಿ ಮಲಗಿಸುವಾಗ, ಡ್ರೈವಿಂಗ್ ಪರೀಕ್ಷೆಗೆ ಯಾಕೆ ಮತ್ತೆ ಹೋಗಲಿಲ್ಲ ಅಂತ ನನ್ನನ್ನೇ ಕೇಳಿದಳು. ಫೇಲಾದೆನಲ್ಲ ಮರೀ, ಅಂದೆ.

"ಒಂದು ಬಿತ್ತು ಅಷ್ಟೇ ಅಮ್ಮ. ಈಗ ಏನ್ ಮಾಡ್ತೀಯ?"

ಆಟದಲ್ಲಿ ನೀನು ಕೇಳುವ ಹಾಗೇ ಕೇಳಿ, ಉತ್ತರಕ್ಕೆ ಕಾಯುತ್ತಾ ಎದ್ದು ಕೂತಳು.

ಅದಕ್ಕೇ ಮರುದಿನವೇ ಮತ್ತೆ ಅರ್ಜಿ ಹಾಕಿದೆ, ಈಗ ಪರೀಕ್ಷೆಗೆ ಹೊರಟಿದ್ದೇನೆ. ನಿನ್ನಿಂದ ಎಷ್ಟು ಉಪಕಾರವಾಯಿತು ಅಂತ ಎದುರಿಗೆ ಹೇಳಿದರೆ ತಲೆ ಮೇಲೆ ಕೂರುತ್ತೀಯ, ಅದಕ್ಕೆ ಇಲ್ಲಿ ಬರೆದಿದ್ದೇನೆ.

ಕೆಂಪು ದಾಳ ಹುಡುಕಬೇಡ. ನನ್ನ ಜೇಬಿನಲ್ಲಿದೆ.

ಅಕ್ಕ