ಗಂಜಿ ಹಚ್ಚಿದ ಆರ್ಗನ್‌ಗಳು

ಸೆಪ್ಟೆಂಬರ್ 18, ಬೆಳಿಗ್ಗೆ 6
ಇವರಿಗೆ ಬಿಪಿ ಮಾತ್ರೆ ಕೊಟ್ಟೆ. ಹಣೆಗೆ ವಿಭೂತಿ ಹಚ್ಚಿದೆ. ಅರ್ಧ ಲೋಟ ಗಂಜಿ ಕುಡಿದರು, ಉಳಿದದ್ದು ಬಲಗಡೆ ತುಟಿಯಿಂದ ಸೋರಿತು. ಲಕ್ವಾ ಹೊಡೆದು ಇವತ್ತಿಗೆ ನಲವತ್ತು ದಿನ. ಬಲಗೈ ಇಲ್ಲ, ಮಾತಿಲ್ಲ. ಕಣ್ಣು ಮಾತ್ರ ಟೇಬಲ್ಲಿನ ಆಲ್ಬಮ್ಮಿನ ಮೇಲೆ.

ಮಾನ್ವಿ, ದೇವದುರ್ಗ, ಕೊನೆಗೆ ರಾಯಚೂರು — ಮೂವತ್ತಾರು ವರ್ಷ ಪೋಸ್ಟ್ ಮಾಸ್ತರಿಕೆ. ಕೂಡಿಟ್ಟದ್ದು ಅಂಚೆಚೀಟಿ. ಅದೂ ಹಳೆಯ ಚರ್ಚುಗಳ ಆರ್ಗನ್ ಇರುವವು ಮಾತ್ರ. ಜರ್ಮನಿಯವು, ಸ್ವೀಡನ್ನಿನವು... ಗೋಡೆಯೆತ್ತರದ ಬಾಜಾ, ಸಾಲು ಸಾಲು ಕೊಳವೆ. ಒಂದನ್ನೂ ಕಣ್ಣಾರೆ ಕಂಡವರಲ್ಲ.

ಮುಂದಿನ ತಿಂಗಳು ಇಲ್ಲೇ ರಾಯಚೂರಲ್ಲಿ ಅಂಚೆಚೀಟಿ ಪ್ರದರ್ಶನ. ಇವರ ಅರ್ಜಿ ಮೊದಲ ಸಲ ಒಪ್ಪಿಗೆಯಾಗಿದೆ. ಚೀಟಿ ಜೋಡಿಸಿದ ಹದಿನಾರು ಹಾಳೆ ಕೊಡಬೇಕು. ಒಂಬತ್ತು ಮುಗಿಸಿ ಬಿದ್ದರು. ಏಳು ಬಾಕಿ, ನಾನೇ ಮುಗಿಸುತ್ತೇನೆ.

ಸೊಸೆ ಸ್ವಪ್ನಾ ಬಾಯಿ ಹಾಕಿದಳು. "ಅತ್ತಿ, ಗೊತ್ತಿದ್ದವರನ್ನ ಒಂದು ಮಾತು ಕೇಳೂಣೇನ್ರಿ?"
"ಪೋಸ್ಟ್ ಮಾಸ್ತರನ ಹೆಂಡ್ತಿಗೆ ಸ್ಟ್ಯಾಂಪ್ ಹಚ್ಚೂದು ನೀ ಕಲಸ್ತೀಯೇನು?" ಎಂದೆ. ಒಳಗೆ ಹೋದಳು.

ಸೆಪ್ಟೆಂಬರ್ 21, ಮಧ್ಯಾಹ್ನ
ಏಳೂ ಹಾಳೆ ಮುಗಿಸಿದೆ. ದೇವದುರ್ಗದ ಆಫೀಸಿನಲ್ಲಿ ಗೋಂದು ಮುಗಿದಾಗ ನಾನು ಕಾಯಿಸಿದ ಗಂಜಿಯಿಂದಲೇ ಲಕೋಟೆ ಅಂಟುತ್ತಿದ್ದವು. ಇವರೇ ಡಬ್ಬಿ ಹಿಡಿದು ಬರುತ್ತಿದ್ದರು. ಅದೇ ಅಳತೆ. ಹುಳ ಬೀಳದಂತೆ ಚಿಟಿಕೆ ಮೈಲುತುತ್ತ.

ಹಚ್ಚುವಾಗ ಇವರು ಮಂಚದಿಂದ ಊ... ಊ... ಎಂದು ಒಂದೇ ಸಮ. ನೀರು ಕೊಟ್ಟೆ, ಮುಖ ತಿರುಗಿಸಿದರು. ಹಾಸಿಗೆ ನೋಡಿದೆ, ಒಣಗಿತ್ತು. "ಅವಸರ ಮಾಡಬ್ಯಾಡ್ರಿ, ಮುಗಸಾಕತ್ತೀನಿ" ಎಂದೆ. ಕಣ್ಣು ಮುಚ್ಚಿಕೊಂಡರು.

ಅಕ್ಟೋಬರ್ 10
ನಿನ್ನೆ ಸ್ವಪ್ನಾಳ ಜೊತೆ ಪ್ರದರ್ಶನಕ್ಕೆ ಆಲ್ಬಮ್ ಒಯ್ದಿದ್ದೆ, ಬರೆಯಲಾಗಲಿಲ್ಲ.

ಅಲ್ಲಿ ಹಾಳೆಗಳನ್ನು ನೋಡಲು ಬಂದವರು ವಿರೂಪಣ್ಣ, ಹಳೇ ಸ್ಟ್ಯಾಂಪ್ ಬಲ್ಲವರಂತೆ. ಇವರ ಒಂಬತ್ತು ಹಾಳೆಗೆ ತಲೆದೂಗಿದರು. ಹತ್ತನೆಯದಕ್ಕೆ ನಿಂತರು. ಬೆರಳಿಂದ ಮುಟ್ಟಿದರು, ಮೂಸಿದರು.

"ಯವ್ವಾ, ಇವನ್ನ ಯಾರು ಹಚ್ಚಿದ್ರಿ?"
"ಯಾಕ್ರಿ?"
"ಚೀಟಿ ಹಿಂಬದಿ ಗೋಂದು ಹೋತಲ್ರಿ. ಮೈಲುತುತ್ತದ ಹಸರು ಮುಂದ ಮೂಡೇದ. ಕಿತ್ತರ ಹರೀತಾವ, ಬಿಟ್ಟರ ಸುಕ್ಕಾಗ್ತಾವ. ಮಾಸ್ತರು ಹೆಂಗ ಮಾಡ್ಯಾರ ನೋಡ್ರಿ, ಒಂದಕ್ಕೂ ಅಂಟು ಸೋಕಿಲ್ಲ. ಪ್ಲಾಸ್ಟಿಕ್ ಕಿಸೆದಾಗ ಕುಂತಾವ."

ಆ ಪ್ಲಾಸ್ಟಿಕ್ ನಾನೂ ಕಂಡಿದ್ದೆ. ಧೂಳಿಗೆಂದು ಹೊದಿಸಿದ್ದು ಎಂದುಕೊಂಡಿದ್ದೆ.

"ಸೊಸಿ ಹಚ್ಚ್ಯಾಳ್ರಿ" ಎಂದೆ. ಬಾಯಿಂದ ಹಾಗೇ ಬಂತು.

ಸ್ವಪ್ನಾ ಪಕ್ಕದಲ್ಲೇ ಇದ್ದಳು. ತಲೆ ಎತ್ತಲಿಲ್ಲ. ಆಟೋದಲ್ಲಿ ಆಲ್ಬಮ್ ತೊಡೆಯ ಮೇಲಿಟ್ಟುಕೊಂಡು ವಾಪಸ್ ತಂದಳು.

ಮನೆಯಲ್ಲಿ ಇವರು ಬಾಗಿಲಿಗೇ ಕಣ್ಣಿಟ್ಟು ಕಾಯುತ್ತಿದ್ದರು. "ಮೊದಲ ಬಹುಮಾನ ಬಂತ್ರಿ. ಆಲ್ಬಮ್ ಅಲ್ಲೇ ಇಟ್ಕೊಂಡಾರ" ಎಂದೆ. ಆಲ್ಬಮ್ ನನ್ನ ಟ್ರಂಕಿನಲ್ಲಿದೆ, ಇಳಕಲ್ ಸೀರೆಗಳ ಕೆಳಗೆ. ಇವರು ನನ್ನ ಮುಖವನ್ನೇ ನೋಡಿದರು. ಬಹಳ ಹೊತ್ತು.

ಅಕ್ಟೋಬರ್ 15
ವ್ಯಾಯಾಮ ಮಾಡಿಸುವ ವಾಹಿದಾ ಕೇಳಿದಳು. "ಅಜ್ಜಾರಿಗೆ ಎಡಗೈದು ಈ ಕಸರತ್ತು ಯಾರು ಹೇಳಿಕೊಟ್ರಿ? ನಾನಂತೂ ಅಲ್ಲ."

ನೋಡಿದೆ. ಅಂಗೈ ಹೊರಕ್ಕೆ ತೆರೆಯುತ್ತಾರೆ, ಒಳಕ್ಕೆ ಒತ್ತುತ್ತಾರೆ. ಒಂದೇ ಲಯ. ಪ್ರದರ್ಶನದ ದಿನದಿಂದ ಹೀಗೇ.

ಕಸರತ್ತಲ್ಲ. ಹಾರ್ಮೋನಿಯಂ ಪೇಟಿಗೆ ಗಾಳಿ ತುಂಬುವ ತಿದಿ ಒತ್ತುವ ಕೈ ಅದು.

ಮದುವೆಯಾದ ವರ್ಷ ಇವರ ಹತ್ತಿರ ಪೇಟಿ ಇತ್ತು. ಆಫೀಸು ಮುಗಿಸಿ ಬಂದು ವಚನ ಹಾಡುತ್ತಿದ್ದರು. ಬಾಗಿಲಲ್ಲಿ ಮಂದಿ ಸೇರುತ್ತಿದ್ದರು. "ಪೋಸ್ಟ್ ಮಾಸ್ತರ ನಾಟಕದವರಂಗ ಪೇಟಿ ಬಾರಸ್ತಾನಂತ ನಗತಾರ. ಅದರ ಇರಲಿ, ಇಲ್ಲ ನಾನರ ಇರ್ತೀನಿ" ಎಂದೆ. ಮರುದಿನ ಚೀಕಲಪರ್ವಿಯ ಯಂಕೋಬ ಎಂಬವರಿಗೆ ಕೊಟ್ಟು ಬಂದರು. ನಾನು ಗೆದ್ದೆ ಎಂದುಕೊಂಡೆ.

ಅದಾದ ಮೇಲೆಯೇ ದೇವದುರ್ಗದಲ್ಲಿ ಒಬ್ಬ ಪಾದ್ರಿ ತಮಗೆ ಬಂದ ಕಾಗದದಿಂದ ಕತ್ತರಿಸಿ ಕೊಟ್ಟ ಮೊದಲ ಆರ್ಗನ್ ಚೀಟಿ ಮನೆಗೆ ಬಂತು. ಸದ್ದಿಲ್ಲದ ಬಾಜಾ. ಅದಕ್ಕೆ ನನ್ನ ತಕರಾರು ಇರಲಿಲ್ಲ. ನಗುತ್ತಿದ್ದೆ ಅಷ್ಟೆ.

ಇನ್ನೊಂದೂ ತಿಳಿಯಿತು. ಆ ದಿನದ ಊ... ಊ... ನೀರಿಗಲ್ಲ. ಗಂಜಿ ಹಚ್ಚುವುದನ್ನು ಕಣ್ಣೆದುರೇ ಕಂಡವರು. ಬಹುಮಾನದ ಸುಳ್ಳೂ ಗೊತ್ತು.

ಹೇಳಿಬಿಡಬೇಕು. ಇವತ್ತು ಬೇಡ. ವಾಹಿದಾ ಇದ್ದಾಳೆ.

ಅಕ್ಟೋಬರ್ 19
ಯಂಕೋಬ ಬದುಕಿದ್ದಾರೆ. ಪೇಟಿಯೂ ಇದೆ. ಫೋನಿನಲ್ಲಿ, "ಮಾಸ್ತರದು ಮಾಸ್ತರಿಗೇ ಸೇರಲಿ ಬಿಡ್ರವ್ವಾ, ನಾನ ತರ್ತೀನಿ" ಎಂದರು. ಪೇಟಿ ಬಂದ ದಿನವೇ ಹೇಳುತ್ತೇನೆ. ಬರಿಗೈಯಲ್ಲಿ ಹೇಳಲು ಬಾಯಿ ಬರುತ್ತಿಲ್ಲ.

ನವೆಂಬರ್ 2
ಇಪ್ಪತ್ತರ ಬೆಳಿಗ್ಗೆ ಮತ್ತೆ ಲಕ್ವಾ. ಹನ್ನೆರಡು ದಿನ ಆಸ್ಪತ್ರೆ. ನಿನ್ನೆ ಕರೆತಂದೆವು. "ಮನ್ಯಾಗ ಇರ್ಲಿ ಬಿಡ್ರಿ" ಎಂದರು ಡಾಕ್ಟರು. ಮುಂದೆ ನಾನೂ ಕೇಳಲಿಲ್ಲ.

ಎಡಗೈಯೂ ಹೋಯಿತು.

ನವೆಂಬರ್ 4, ಸಂಜೆ 4
ಯಂಕೋಬ ಪೇಟಿ ಇಟ್ಟು ಹೋದರು. ಇವರ ಕೈ ನೋಡಿದವರೇ ಚಹಾ ಕೂಡ ಮುಟ್ಟಲಿಲ್ಲ.

ಆಲ್ಬಮ್ ತೆಗೆದೆ. ಹತ್ತನೇ ಹಾಳೆ ಬಿಚ್ಚಿ ಇವರ ಎದೆಯ ಮೇಲಿಟ್ಟೆ. ಸ್ವಪ್ನಾ ಬಾಗಿಲಲ್ಲಿದ್ದಳು. ಅವಳಿಗೂ ಕೇಳಲೆಂದೇ ಜೋರಾಗಿ ಹೇಳಿದೆ. "ಗಂಜಿ ಹಚ್ಚಿದಾಕಿ ನಾನ ರೀ. ಸ್ವಪ್ನಾ ಅಲ್ಲ. ಬಹುಮಾನ ಬಂದಿಲ್ಲ. ಪೇಟಿ ಕಳಿಸಿದ್ದೂ ನಂದ ತಪ್ಪು."

ಇವರ ಕಣ್ಣು ಹಾಳೆಯ ಕಡೆ ಹೋಗಲಿಲ್ಲ. ಪೇಟಿಯ ಮೇಲೇ ಇತ್ತು.

ನನಗೆ ಬಾರಿಸಲು ಬರುವುದಿಲ್ಲ. ಎಡಗೈಯಿಂದ ತಿದಿ ಒತ್ತಿದೆ, ಬಲಗೈ ಬೆರಳನ್ನು ಒಂದು ಬಿಳಿ ಪಟ್ಟಿಯ ಮನೆಯ ಮೇಲಿಟ್ಟೆ. ಸ್ವರ ಹೊರಟಿತು. ಗೊಗ್ಗರು, ಆದರೂ ಸ್ವರ. ಇವರು ಕಣ್ಣು ಮುಚ್ಚಿದರು. ಉಸಿರು ನಿಧಾನವಾಯಿತು. ನಿಲ್ಲಿಸಿದರೆ ಕಣ್ಣು ತೆರೆಯುತ್ತಾರೆ, ಒತ್ತಿದರೆ ಮುಚ್ಚುತ್ತಾರೆ.

ಸ್ವಪ್ನಾ ಬಂದು ನೆಲದಲ್ಲಿ ಕೂತಳು. "ಅತ್ತಿ, ತಿದಿ ನನಗ ಕೊಡ್ರಿ, ಕೈ ಸೋತಾವ" ಎಂದಳು. ಕೊಡಲಿಲ್ಲ.

ಆರು ಗಂಟೆ
ಈಗ ಔಷಧಿ ಕೊಡಲೆಂದು ಪೇಟಿ ಬಿಟ್ಟು ಎದ್ದಿದ್ದೆ. ಎರಡು ಸಾಲು ಬರೆಯೋಣವೆಂದು ಕೂತರೆ ಬಲಗೈಗೆ ಪೆನ್ನು ಬೇಕು, ಅಲ್ಲಿ ಪೇಟಿಯ ಮನೆ ಒತ್ತಲೂ ಅದೇ ಕೈ ಬೇಕು. ಇವರ ಉಸಿರು ಎತ್ತೆತ್ತಿ ಬರುತ್ತಿದೆ. ಕಣ್ಣು ತೆರೆದರು. ಇಲ್ಲೇ ಅದೀನ್ರಿ, ಬಂದೆ, ಪೆನ್ನು ಇಡ್ತೀನಿ, ಇನ್ನು