ಎದುರುಮನೆ ಇಲ್ಲದ ನಕ್ಷೆ

ನನ್ನ ಎದುರುಮನೆಯಮ್ಮನಿಗೆ,

ನಿಮ್ಮ ತಮ್ಮನ ಮನೆಯಲ್ಲಿ ಆರಾಮವಾಗಿದ್ದೀರೆಂದು ಅಮ್ಮ ಹೇಳಿದಳು. ನಾನು ನಂಬಲಿಲ್ಲ. ಇನ್ನೊಬ್ಬರ ಮನೆಯಲ್ಲಿ ಕೈಕಟ್ಟಿ ಕೂರುವುದು ನಿಮ್ಮಿಂದಾಗದ ಕೆಲಸ. ಅದಿರಲಿ, ಮತ್ತೆ ಬರುವುದೇ ಇಲ್ಲ ಎಂದು ಹೋದವರು ಹೊಲಿಗೆ ಯಂತ್ರವನ್ನು ನಮ್ಮ ಮನೆಯಲ್ಲಿ ಯಾಕೆ ಬಿಟ್ಟು ಹೋದಿರಿ?

ಮುನಿಸು ನನ್ನ ಮೇಲೆ, ಗೊತ್ತು. ಹೊರಡುವಾಗ ಓಣಿಗೆಲ್ಲ ಕೇಳುವ ಹಾಗೆ ಅಂದಿರಲ್ಲ, "ಎತ್ತಿ ಆಡಿಸಿದ್ದಕ್ಕೆ ಇವಳ ಆಫೀಸು ನನ್ನನ್ನ ನೀರಿನ ಟ್ಯಾಂಕ್ ಪಕ್ಕ ಮೂಲೆಗುಂಪು ಮಾಡ್ತು" ಅಂತ. ಸುಳ್ಳೇನಲ್ಲ. ನಮ್ಮ ಸಾಲುಮನೆಗಳ ಬದಲಿಗೆ ನಗರಸಭೆ ಕಟ್ಟುತ್ತಿರುವ ಕಡಿಮೆ ಬಾಡಿಗೆಯ ಮನೆಗಳಿಗೆ ನಮ್ಮ ಆಫೀಸು ಬರೆದ ಮೊದಲ ನಕ್ಷೆ ಹಾಗೇ ಇತ್ತು. ಸಂಸಾರಸ್ಥರಿಗೆ ಮುಂದಿನ ಕಟ್ಟಡ, ಕೆಳಗೆ ಶಿಶುವಿಹಾರ. ಒಂಟಿಯಾಗಿರುವವರಿಗೆ ನೀರಿನ ಟ್ಯಾಂಕ್ ಪಕ್ಕದ ಹಿಂದಿನ ಕಟ್ಟಡ. ಒಬ್ಬರ ಬಾಗಿಲು ಇನ್ನೊಬ್ಬರಿಗೆ ಕಾಣಿಸಬಾರದು ಎಂದು ಬೇರೆ ಕಟ್ಟಪ್ಪಣೆ.

ಶಾಲೆ ಸೇರಿದ ದಿನ ಟೀಚರ್ "ಮನೇಲಿ ಯಾರ್ಯಾರು ಇದೀರಿ?" ಎಂದರೆ "ಅಮ್ಮ, ನಾನು, ಎದುರುಮನೆ" ಅಂದಿದ್ದೆನಂತೆ. ಅದು ನಿಮ್ಮ ಹೆಸರೆಂದೇ ತಿಳಿದಿದ್ದೆ. ಅಮ್ಮ ಗಿರಣಿಯ ಪಾಳಿಗೆ ಹೊರಡುವಾಗ "ಸ್ವಲ್ಪ ಕಣ್ಣಿಟ್ಟಿರಿ" ಅನ್ನುತ್ತಿದ್ದಳು. ಬಾಗಿಲಿಗೆ ಮುಖ ಮಾಡಿ ಹೊಲಿಯುತ್ತಿದ್ದ ನೀವು ತಲೆ ಎತ್ತದೆ "ಹೂಂ" ಅನ್ನುತ್ತಿದ್ದಿರಿ. ಯಂತ್ರ ಯಾಕೆ ಅಲ್ಲಿ ಎಂದು ಕೇಳಿದರೆ, ಬೆಳಕಿಗೆ ಅನ್ನುತ್ತಿದ್ದಿರಿ. ಹೊಸ ಮನೆಗಳಿಗಾಗಿ ಹಳೆಯವುಗಳ ಅಳತೆ ತೆಗೆಯಲು ಬಂದ ದಿನ ನಿಮ್ಮ ಕೋಣೆಯನ್ನು ಮೊದಲ ಸಲ ಸರಿಯಾಗಿ ನೋಡಿದೆ. ಬೆಳಕು ಬರುವುದು ಹಿಂದಿನ ಕಿಟಕಿಯಿಂದ. ಅಷ್ಟು ವರ್ಷ ನಿಮ್ಮದೇ ನೆರಳು ಬಿದ್ದ ಬಟ್ಟೆಯ ಮೇಲೆ ಹೊಲಿದಿದ್ದೀರಿ, ನಮ್ಮ ಬಾಗಿಲು ಕಾಣಲಿ ಎಂದು. ಟೇಪು ಹಿಡಿದುಕೊಂಡೇ ಅತ್ತುಬಿಟ್ಟೆ. ನೀವು ಧೂಳು ಬಿತ್ತೆಂದುಕೊಂಡಿರಿ.

ಸಭೆಯಲ್ಲಿ ನಮ್ಮ ಹಿರಿಯ ಇಂಜಿನಿಯರು "ಬಾಗಿಲು ಎದುರುಬದುರು ಇಟ್ರೆ ಜಗಳ ತಪ್ಪಲ್ಲಮ್ಮ" ಎಂದರು. ಪಾಪ, ಅವರ ಮಾತೂ ನಿಜವೇ. ಮೋರಿ ನೀರಿನ ವಿಷಯಕ್ಕೆ ನೀವೂ ಅಮ್ಮನೂ ಒಂದಿಡೀ ಬೇಸಿಗೆ ಮಾತು ಬಿಟ್ಟಿರಲಿಲ್ಲವೇ? ಆಗ ಅಮ್ಮ ಗೋಡೆಯ ಕಡೆ ತಿರುಗಿ "ಯಾರಾದ್ರೂ ಮಗೂನ ನೋಡ್ಕೊಂಡ್ರೆ ಒಳ್ಳೇದಿತ್ತು" ಅನ್ನುತ್ತಿದ್ದಳು. ನೀವು ಹೊಲಿಗೆ ಯಂತ್ರಕ್ಕೆ "ಇಲ್ಲಿ ಯಾರೂ ಬೇಡ ಅಂದಿಲ್ಲ" ಎಂದು ಹೇಳುತ್ತಿದ್ದಿರಿ. ಇದನ್ನೆಲ್ಲ ಸಭೆಯಲ್ಲಿ ಹೇಳಿದೆ. ಎಲ್ಲರೂ ನಕ್ಕರು. "ಕುಟುಂಬಗಳಿಗೆ ನೆರವು ಅಂತ ದೊಡ್ಡದಾಗಿ ಬರೆದಿದ್ದೀವಿ ಸಾರ್, ನೆರವಾಗೋರನ್ನೇ ಹಿಂದಿನ ಕಟ್ಟಡಕ್ಕೆ ಎತ್ತಂಗಡಿ ಮಾಡಿದ್ದೀವಿ" ಅಂದೆ. ಇಂಜಿನಿಯರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಮೂರು ಸಭೆ ಅವರ ತಲೆ ತಿಂದೆ.

ಈಗ ಪ್ರತಿ ಮಹಡಿಯಲ್ಲೂ ಸಂಸಾರದ ಮನೆಗಳ ಎದುರಿಗೆ ಒಂಟಿ ಕೋಣೆಗಳು ಬಂದಿವೆ. ನಡುವಿನ ಓಡಾಟದ ಜಾಗ ಅಗಲವಾಯಿತು, ಅಡುಗೆಮನೆ ಅಷ್ಟು ಚಿಕ್ಕದಾಯಿತು. ಅದಕ್ಕೆ ಅಮ್ಮ ಇನ್ನೂ ಮೂಗು ಮುರಿಯುತ್ತಾಳೆ. ಶಿಶುವಿಹಾರ ಸಂಜೆ ಆರಕ್ಕೇ ಮುಚ್ಚಬೇಕೆಂಬ ನಿಯಮ ಹಾಗೇ ಇದೆ, ಅದನ್ನು ಬದಲಿಸಲು ನನ್ನಿಂದಾಗಲಿಲ್ಲ.

ಮೊದಲ ಮಹಡಿಯಲ್ಲಿ ನಿಮಗೊಂದು ಕೋಣೆ ಇದೆ. ಈ ತಿಂಗಳೊಳಗೆ ಬಂದು ರುಜು ಹಾಕದಿದ್ದರೆ ಅದು ಬೇರೆಯವರ ಪಾಲಾಗುತ್ತದೆ. ನನ್ನ ಮಗಳು ಗೋಡೆ ಹಿಡಿದು ನಿಲ್ಲುತ್ತಿದ್ದಾಳೆ, ಆದರೆ ಅವಳನ್ನು ನೋಡಿಕೊಳ್ಳಿ ಎಂದು ಕರೆಯುತ್ತಿಲ್ಲ. ನಿಮ್ಮ ಕಣ್ಣು ಮಂಜಾಗಿದೆ, ಮೊಣಕಾಲು ಮಾತು ಕೇಳುತ್ತಿಲ್ಲ. ನೀವಿಲ್ಲದ ಓಣಿ ನನಗೆ ಬೇಡ, ಅಷ್ಟೇ.

ನಿನ್ನೆ ಆ ಕೋಣೆಗೆ ಹೋಗಿದ್ದೆ. ಇನ್ನೂ ಗಾರೆ ಆಗಿಲ್ಲ. ಈ ಸಲ ಕಿಟಕಿ ಬಾಗಿಲ ಪಕ್ಕದಲ್ಲೇ ಇದೆ, ಬೆಳಕು ಬಟ್ಟೆಯ ಮೇಲೇ ಬೀಳುತ್ತದೆ. ನೀವು ಕೂರುವ ಜಾಗದಲ್ಲಿ ಒಂದು ಇಟ್ಟಿಗೆ ಹಾಕಿಕೊಂಡು ಕೂತೆ. ಎದುರಿಗೆ ನಮಗೆ ಕೊಟ್ಟಿರುವ ಹೊಸ ಮನೆಯ ಬಾಗಿಲು ಕಾಣಿಸಿತು. ಇಷ್ಟು ವರ್ಷ ಎದುರುಮನೆ ಎಂದರೆ ನೀವೇ ಅಂದುಕೊಂಡಿದ್ದೆ. ಅಲ್ಲಿ ಕೂತಾಗ ತಿಳಿಯಿತು, ನಿಮ್ಮ ಎದುರುಮನೆ ನಾವು. ಇನ್ನು ಕಣ್ಣಿಡುವ ಸರದಿ ನಮ್ಮದು.

ಕೋಪವನ್ನು ತಮ್ಮನ ಮನೆಯಲ್ಲೇ ಬಿಟ್ಟು, ಜೋಪಾನವಾಗಿ ಬನ್ನಿ. ಬಂದು ಮಗುವಿನ ತಲೆಯ ಮೇಲೆ ಕೈಯಿಟ್ಟು ಹರಸಿ.

ಇಂತಿ,
ನಿಮ್ಮ ಎದುರುಮನೆಯವಳು