ಯಾರೂ ಬಳಸುತ್ತಿಲ್ಲ

ಸರಸಂಬಾ,
೨ ಜನವರಿ ೨೦೨೫, ಗುರುವಾರ

ಪ್ರೀತಿಯ ಅವ್ವಾ,

ನಿನ್ನ ಕೆಮ್ಮು ಹೇಗಿದೆ? ಅಂಗೈಯ ಬೊಬ್ಬೆಗಳು ಒಣಗಿದವೇ? ಈ ಚಳಿಯಲ್ಲಿ ಕಿವಿಗೆ ಬಟ್ಟೆ ಕಟ್ಟದೆ ಕಬ್ಬು ಕಡಿಯಲು ಇಳಿಯಬೇಡ. ನೀನು ಹೇಳಿದ್ದು ಕೇಳುವವಳಲ್ಲ, ಆದರೂ ಹೇಳುತ್ತೇನೆ. ಇಲ್ಲಿ ಸಾಬವ್ವ ಆಯಿ ಗಟ್ಟಿಯಾಗಿದ್ದಾಳೆ, ನಿನ್ನ ಮೇಕೆಯೂ ಗಟ್ಟಿಯಾಗಿದೆ. ಆಯಿ ನನ್ನ ಜೊತೆ ಮಾತು ಬಿಟ್ಟು ಮೂರು ವಾರವಾಯಿತು. ಮೇಕೆಯ ಜೊತೆ ಮಾತಾಡುತ್ತಾಳೆ, ನನಗೆ ರೊಟ್ಟಿಯ ಬುಟ್ಟಿ ಸರಿಸುತ್ತಾಳೆ. ಕಾರಣ ನಾನೇ. ಫೋನಿನಲ್ಲಿ ಹೇಳಬೇಕೆಂದು ಎರಡು ಸಲ ಹೊರಟೆ, ನಿನ್ನ ದನಿ ಕೇಳಿದೊಡನೆ ಮೇಕೆಯ ಸುದ್ದಿ ಹೇಳಿ ಇಟ್ಟುಬಿಟ್ಟೆ. ಅದಕ್ಕೇ ಖಜೂರಿಯ ಆಫ್ತಾಬ ಚಾಚಾನ ಲಾರಿಯಲ್ಲಿ ಶೇಂಗಾ ಹಿಂಡಿಯ ಡಬ್ಬಿಯ ಜೊತೆ ಈ ಕಾಗದ ಕಳಿಸುತ್ತಿದ್ದೇನೆ. ಏಳನೇ ಇಯತ್ತೆ ಓದಿದವಳು ನೀನು. ನಿನ್ನ ಜೊತೆಗಿರುವ ಜಗದೇವ ಮಾಮಾನ ಕೈಗೂ ಕೊಡದೆ ನೀನೊಬ್ಬಳೇ ಕೂತು ಓದು.

ನೀನು ಹೋದ ಮೇಲೆ ಕಾಲೇಜಿನಲ್ಲಿ ನಮ್ಮ ಪರಿಸರ ತಂಡ ಗಿಡ ನೆಡುವ ಕೆಲಸ ಹಿಡಿದಿದೆ ಎಂದಿದ್ದೆನಲ್ಲ, ನೀನು ಖುಷಿಪಟ್ಟು ಕಬ್ಬಿನ ಫಡದಲ್ಲಿ ಜೊತೆಗೆ ಕಡಿಯುವವರಿಗೆಲ್ಲ ಹೇಳಿದ್ದೆ. ಎಲ್ಲಿ ನೆಡುತ್ತೇವೆಂದು ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ವಿದ್ಯಾರ್ಥಿಗಳು ಮಾಡುವ ಊರ ಕೆಲಸಕ್ಕೆ ಹಣ ಕೊಡುವ ಒಂದು ಸಂಸ್ಥೆ ಅರ್ಜಿ ಕರೆದಿತ್ತು. ಶಂಕರಲಿಂಗ ಸರ್ ಆ ಅರ್ಜಿಯನ್ನು ನನಗೇ ಬರೆಯಲು ಕೊಟ್ಟರು. ನಮ್ಮ ಓಣಿಯ ಹಿಂದೆ, ಹಳ್ಳಕ್ಕೆ ಹೋಗುವ ದಾರಿಯಲ್ಲಿ ಜಾಲಿ ಬೆಳೆದ ದಿಬ್ಬವಿದೆಯಲ್ಲ, ಅದನ್ನೇ ಆರಿಸಿದೆ. ಪಾಳುಜಾಗ ಎಂದು ಬರೆದೆ. ‘ಈ ಜಾಗವನ್ನು ಸದ್ಯ ಯಾರಾದರೂ ಬಳಸುತ್ತಿದ್ದಾರೆಯೇ?’ ಎಂಬ ಪ್ರಶ್ನೆಯಿತ್ತು. ಪೆನ್ನು ಎತ್ತದೆ ‘ಯಾರೂ ಬಳಸುತ್ತಿಲ್ಲ’ ಎಂದು ಬರೆದೆ. ಓಣಿಯಲ್ಲಿ ಒಬ್ಬರನ್ನಾದರೂ ಕೇಳಬೇಕೆಂದು ಹೊಳೆಯಲಿಲ್ಲ. ಇಡೀ ತಾಲ್ಲೂಕಿನಲ್ಲಿ ನಮ್ಮ ಅರ್ಜಿಯೊಂದೇ ಪಾಸಾಯಿತು. ಸರ್ ತರಗತಿಯಲ್ಲಿ ಚಪ್ಪಾಳೆ ಹೊಡೆಸಿದರು. ಆ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ.

ಡಿಸೆಂಬರ್ ಎರಡನೇ ವಾರ ಜೆಸಿಬಿ ಬಂತು. ಒಂದೇ ಹೊತ್ತಿನಲ್ಲಿ ಜಾಲಿಯೆಲ್ಲ ಬುಡಸಮೇತ ಎದ್ದು ದಿಬ್ಬ ಬಯಲಾಯಿತು. ಅಲ್ಲಲ್ಲಿ ಸಿಕ್ಕ ಕಲ್ಲುಗಳನ್ನು ಗುಡ್ಡೆ ಹಾಕಿ, ಬೇವು, ಹೊಂಗೆ ಸಸಿಗಳ ಗುಂಡಿಯ ಸುತ್ತ ಒಂದೊಂದಾಗಿ ಜೋಡಿಸಿದೆವು. ಫೋಟೋದಲ್ಲಿ ಚೆಂದ ಕಾಣಲೆಂದು ಸುಣ್ಣ ಹಚ್ಚುವ ಉಪಾಯ ನನ್ನದೇ. ಹುಲೆಪ್ಪ ಮುತ್ಯಾ ಕೋಲೂರಿಕೊಂಡು ಬಂದು ಅಂಚಿನಲ್ಲಿ ನಿಂತಿದ್ದ. “ಕಂಟಿ ಯಾಕ ಕಡಿಯಾಕತ್ತೀರಿ ತಂಗಿ, ಇರ್ಲಿ ಬಿಡ್ರಿ” ಎಂದ. ಜಾಲಿ ನೆಲದ ನೀರನ್ನೆಲ್ಲ ಹೀರುತ್ತದೆಂದು ನಾನು ಆ ಮುದುಕನಿಗೆ ಪಾಠ ಮಾಡಿದೆ, ಅವ್ವಾ. ಅವನು ಏನೋ ಹೇಳಲು ಬಾಯಿ ತೆರೆದ, ನನ್ನ ಜೊತೆಗಿದ್ದ ಹುಡುಗ ಹುಡುಗಿಯರನ್ನು ನೋಡಿ ಮುಚ್ಚಿಕೊಂಡ, ತಿರುಗಿ ಹೋದ. ಮನೆಗೆ ಬಂದಾಗ ಆಯಿ ನನ್ನ ಕೈಯ ಸುಣ್ಣ ನೋಡಿ ಗಿಡ ಎಲ್ಲಿ ಹಚ್ಚಿದಿ ಎಂದು ಕೇಳಿದಳು. ಹೇಳಿದೆ. ನನ್ನ ಜೊತೆ ಅವಳು ಆಡಿದ ಕೊನೆಯ ಮಾತು ಅದೇ. ಮುದುಕಿಗೆ ಸಿಟ್ಟು ಬಂದಿದೆ, ತಾನೇ ಇಳಿಯುತ್ತದೆ ಎಂದುಕೊಂಡು ಸುಮ್ಮನಾದೆ.

ಆಮೇಲೆ ಎಳ್ಳ ಅಮಾವಾಸ್ಯೆಯ ಬೆಳಿಗ್ಗೆ ನಿನ್ನ ಫೋನು ಬಂತು. “ಹೊಲದಾಗ ಭೂತಾಯಿಗೆ ಚರಗ ಚೆಲ್ಲಿದ ಮ್ಯಾಲ ಒಂದು ತುತ್ತು ಬಜ್ಜಿ ರೊಟ್ಟಿ ತಗೊಂಡು ಜಾಲಿ ಕಂಟ್ಯಾಗ ಹೋಗು ಬೇ. ಚಪ್ಪಟಿ ಕಲ್ಲು ಅದ, ಅದರ ಮ್ಯಾಲ ಇಟ್ಟು ಬಾ. ನಿನ್ನ ತಮ್ಮ ಅದಾನ ಅಲ್ಲಿ” ಎಂದೆ ನೀನು. ನನ್ನ ಇಪ್ಪತ್ತು ವರ್ಷದಲ್ಲಿ ನೀನು ಮೊದಲ ಸಲ ಹೇಳಿದೆ. ಈ ವರ್ಷದ ತನಕ ಪ್ರತಿ ಎಳ್ಳ ಅಮಾವಾಸ್ಯೆಗೆ ಮಾಮಾನ ಹೊಲದಿಂದ ಬರುವಾಗ ನೀನು ಆ ಕಡೆ ತಿರುಗಿ, ನಾನು ಬೆನ್ನು ಹತ್ತಿದರೆ “ಮುಳ್ಳು ಅದಾವ, ಬರಬ್ಯಾಡ” ಎಂದು ಗದರುತ್ತಿದ್ದೆ. ಬಯಲಕಡೆಗೆ ಹೋಗುತ್ತೀಯೆಂದು ತಿಳಿದಿದ್ದೆ. ನಿನ್ನ ಸೆರಗಿನಲ್ಲಿ ಏನು ಕಟ್ಟಿದೆಯೆಂದು ಒಮ್ಮೆಯೂ ನೋಡಲಿಲ್ಲ. ತುತ್ತು ಹಿಡಿದು ಹೋದೆ. ಕಲ್ಲುಗಳೆಲ್ಲ ಬೆಳ್ಳಗೆ ಸಾಲಾಗಿ ಕೂತಿದ್ದವು. ಅರ್ಧದಷ್ಟು ಚಪ್ಪಟೆಯವೇ. ಯಾವ ಕಲ್ಲು ಎಲ್ಲಿಂದ ಎದ್ದದ್ದೆಂದು ಈಗ ದೇವರಿಗೂ ಗೊತ್ತಿರಲಿಕ್ಕಿಲ್ಲ. ತುತ್ತನ್ನು ಹಾಗೇ ಮನೆಗೆ ತಂದೆ. ತಿನ್ನಲು ಆಗಲಿಲ್ಲ, ಚೆಲ್ಲಲೂ ಆಗಲಿಲ್ಲ, ಮೇಕೆಗೆ ಹಾಕಿದೆ. ಸಂಜೆ ನೀನು “ಇಟ್ಟಿ?” ಎಂದಾಗ “ಇಟ್ಟೆ” ಎಂದದ್ದು ಸುಳ್ಳು, ಅವ್ವಾ.

ಮರುದಿನ ಹುಲೆಪ್ಪ ಮುತ್ಯಾನ ಮುಂದೆ ಹೋಗಿ ಕೂತೆ. ಓಣಿಯಲ್ಲಿ ಹಲ್ಲು ಬರುವ ಮೊದಲೇ ತೀರಿಹೋದ ಕೂಸುಗಳನ್ನೆಲ್ಲ ಅಲ್ಲೇ ಮಣ್ಣಿನಲ್ಲಿ ಇಡುತ್ತಿದ್ದರಂತೆ. ನಾಯಿ ಕೆದರಬಾರದೆಂದು ಜಾಲಿಯನ್ನು ಬೇಕೆಂದೇ ಬೆಳೆಯಲು ಬಿಟ್ಟದ್ದಂತೆ. “ಮದುವಿ ಆಗದ ಹೆಣ್ಣುಹುಡುಗಿ ಮುಂದ ಅದನ್ನ ಹ್ಯಾಂಗ ಹೇಳ್ಲಿ ತಂಗಿ? ನಮ್ಮವೂ ಎರಡು ಅಲ್ಲೇ ಅದಾವ” ಎಂದ. ಬೈದಿದ್ದರೆ ಹಗುರಾಗುತ್ತಿತ್ತು, ಬೈಯಲಿಲ್ಲ. ಓಣಿಯ ಹೆಂಗಸರು ಈಗ ನಳದ ಹತ್ತಿರ ನಾನು ಬಂದರೆ ಕೊಡ ಎತ್ತಿಕೊಂಡು ಹೊರಡುತ್ತಾರೆ. ಸುಮಂಗಲಾ ಅತ್ತೆ ಮಾತ್ರ ದಿನಾ ದಿಬ್ಬಕ್ಕೆ ಹೋಗಿ ಒಂದೊಂದು ಕಲ್ಲನ್ನೂ ಮುಟ್ಟಿ ಮುಟ್ಟಿ ನೋಡುತ್ತಾಳೆ. ಸಂಸ್ಥೆಗೆ ಮೊದಲ ಕಂತಿನ ವರದಿ ಕೊಟ್ಟರೆ ಎರಡನೇ ಕಂತಿನಲ್ಲಿ ಓಣಿಗೆ ನೀರಿನ ಟ್ಯಾಂಕು ಬರುತ್ತದೆ. “ಆಗಿದ್ದು ಆಗ್ಯದ, ಅದನ್ನೆಲ್ಲ ಬರಿಬ್ಯಾಡ” ಎನ್ನುತ್ತಾರೆ ಸರ್. ಟ್ಯಾಂಕು ನಮಗೆ ಎಷ್ಟು ಬೇಕೆಂದು ನಿನಗೆ ನಾನು ಹೇಳಬೇಕಿಲ್ಲ. ಅಪ್ಪ ಇದ್ದಿದ್ದರೆ ಜಾಗವನ್ನಾದರೂ ತೋರಿಸುತ್ತಿದ್ದ. ಅವನು ಹೋದ ಮೇಲೆ ಆ ಗುರುತು ನಿನ್ನೊಬ್ಬಳಿಗೇ ಇತ್ತು, ಅದನ್ನು ನಾನು ಕಿತ್ತು ಹಾಕಿದೆ. ಕ್ಷಮಿಸು ಎಂದು ಬರೆಯಲು ನನಗೆ ನಾಚಿಕೆಯಾಗುತ್ತದೆ.

ಮಾಮಾನಿಗೆ ನಮಸ್ಕಾರ ಹೇಳು. ಗುಡಿಸಿಲಿನಲ್ಲಿ ಒಲೆಯ ಹತ್ತಿರ ಮಲಗು, ಹೊಗೆಯ ಹತ್ತಿರ ಬೇಡ. ನಿನ್ನ ಪಾದಕ್ಕೆ ಹಣೆ ಹಚ್ಚಿ ಕಾಗದ ಮುಗಿಸುತ್ತೇನೆ.

ನಿನ್ನ ಮಗಳು,
ಭುವನೇಶ್ವರಿ

ಮರೆತಿದ್ದೆ, ಆಫ್ತಾಬ ಚಾಚಾ ಹಾರ್ನ್ ಹೊಡೆಯುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತೇನೆ: ವರದಿಯಲ್ಲಿ ಅದೇ ಪ್ರಶ್ನೆ ಮತ್ತೆ ಇದೆ, ಜಾಗವನ್ನು ಯಾರು ಬಳಸುತ್ತಿದ್ದಾರೆ ಎಂದು. ಈ ಸಲ ಮನೆಮನೆಗೆ ಹೋಗಿ ಕೇಳಿ ಬರೆಯುತ್ತಿದ್ದೇನೆ, ಟ್ಯಾಂಕು ಬಾರದಿದ್ದರೂ ಸರಿ. ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲೇ ಹೋದವು ಎಂದು ಎಲ್ಲರೂ ಮೊದಲು ಅನ್ನುತ್ತಾರೆ. ಆಮೇಲೆ ಬಾಗಿಲ ತನಕ ಬಂದು, ಯಾರಿಗೂ ಕೇಳದ ಹಾಗೆ ಒಂದು ಹೆಸರು ಹೇಳುತ್ತಾರೆ. ಹದಿನೇಳು ಹೆಸರಾಗಿವೆ. ಹದಿನೆಂಟನೇ ಸಾಲು ಖಾಲಿ ಬಿಟ್ಟಿದ್ದೇನೆ. ನನ್ನ ತಮ್ಮನನ್ನು ನೀನು ಏನೆಂದು ಕರೆಯುತ್ತಿದ್ದೆ, ಅವ್ವಾ? ಚಾಚಾ ತಿರುಗಿ ಬರುವಾಗ ಚೀಟಿ ಬರೆದು ಕೊಡು.